ಐದು ಲೀಟರಿನ ಹಳೇ ವಿ8 ಹೋಗಬೇಕಿತ್ತು, ಆದರೆ ಹೀಗಲ್ಲ

2022ರ ಡಿಸೆಂಬರ್ 4ರಂದು ಅಡಿಲೇಡ್‌ನ ಬೀದಿ ಟ್ರ್ಯಾಕ್‌ನಲ್ಲಿ ಬ್ರಾಕ್ ಫೀನಿ ಆಸ್ಟ್ರೇಲಿಯಾದ ದೊಡ್ಡ ಕಾರ್ ರೇಸ್ ಸರಣಿಯಾದ ಸೂಪರ್‌ಕಾರ್ಸ್‌ನಲ್ಲಿ ತನ್ನ ಮೊದಲ ರೇಸ್ ಗೆದ್ದ. ಓಡಿಸಿದ್ದು ಹೋಲ್ಡನ್ ಕಮೊಡೋರ್. ಹೋಲ್ಡನ್ ಅಂದರೆ ಜನರಲ್ ಮೋಟಾರ್ಸ್‌ನ ಆಸ್ಟ್ರೇಲಿಯಾ ಕಂಪನಿ. ಹೋಲ್ಡನ್ ಹೆಸರಿನ ಕಾರು ಈ ಚಾಂಪಿಯನ್‌ಶಿಪ್‌ನಲ್ಲಿ ಓಡಿದ ಕೊನೆಯ ರೇಸ್ ಅದು, ಹಾಗಾಗಿ ಎಲ್ಲರ ಮಾತೂ ಆ ಹೆಸರಿನ ಸುತ್ತಲೇ ಇತ್ತು. ಅದೇ ದಿನ ಇನ್ನೊಂದು ನಿವೃತ್ತಿಯೂ ಆಯಿತು, ಅದನ್ನು ಗಮನಿಸಿದವರು ಕಡಿಮೆ. 1993ರಿಂದ ಆಸ್ಟ್ರೇಲಿಯಾದ ಟೂರಿಂಗ್ ಕಾರ್ ರೇಸಿಂಗನ್ನು ಹೊತ್ತುಕೊಂಡು ಬಂದಿದ್ದ ಐದು ಲೀಟರಿನ ಪುಶ್‌ರಾಡ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ) ಎಂಜಿನ್, ಮುಖ್ಯ ಸರಣಿಯಲ್ಲಿ ಅವತ್ತೇ ಕೊನೆಯ ಸಲ ಓಡಿದ್ದು. ಮೂವತ್ತು ಸೀಸನ್ ಆಗಿತ್ತು. ಕೆಳಗಿನ ಸೂಪರ್2 ಸರಣಿಯಲ್ಲಿ ಹಳೇ ಕಾರುಗಳು ಇನ್ನೂ ಓಡಿದವು, ಆದರೆ ದೊಡ್ಡ ವೇದಿಕೆಯಿಂದ ಅದು ಇಳಿದಾಗಿತ್ತು.

ರೇಸಿಂಗ್‌ನಲ್ಲಿ ಮೂವತ್ತು ವರ್ಷ ಅಂದರೆ ತುಂಬಾ ಜಾಸ್ತಿ. ಅಷ್ಟೇ ಅವಧಿಯಲ್ಲಿ ಫಾರ್ಮುಲಾ ಒನ್ ವಿ12, ವಿ10, ವಿ8 ಎಲ್ಲವನ್ನೂ ಬಿಟ್ಟು ಹೈಬ್ರಿಡ್ ವಿ6ಗೆ ಬಂದು ನಿಂತಿತು. ಹಾಗಿರುವಾಗ ಈ ಎಂಜಿನ್ ಇಷ್ಟು ಕಾಲ ಹೇಗೆ ಉಳಿಯಿತು, ಯಾಕೆ ಹೋಯಿತು, ಹೋದ ಮೇಲೆ ಯಾಕೆ ಅಷ್ಟು ಜಗಳ ಆಯಿತು ಅನ್ನುವುದನ್ನು ಬಿಡಿಸಿ ನೋಡಬೇಕು ಅನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ನಿವೃತ್ತಿ ಮಾಡಿದ್ದು ಸರಿ. ಅದರ ಜಾಗಕ್ಕೆ ಹೊಸದನ್ನು ತಂದು ಕೂರಿಸಿದ ರೀತಿ ಸರಿಯಿರಲಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಇದು ಒಂದೇ ಎಂಜಿನ್ ಅಲ್ಲ, ಒಂದೇ ನಿಯಮದ ಕೆಳಗೆ ಬದುಕಿದ ಎರಡು ಮನೆತನ. ಫೋರ್ಡ್ ಕಡೆಯದು 302 ವಿಂಡ್ಸರ್ ಮೂಲದ್ದು, ಅದು 1968ರಲ್ಲಿ ಬಂದ ಎಂಜಿನ್. ಹೋಲ್ಡನ್ ಕಡೆಯವರು ಜನರಲ್ ಮೋಟಾರ್ಸ್‌ನದೇ ಆದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ಮೂಲದ್ದನ್ನು ಬಳಸಿದರು, ಅದರ ಬೇರು 1955ಕ್ಕೆ ಹೋಗುತ್ತದೆ. ಶುರುವಿನ ವರ್ಷಗಳಲ್ಲಿ ಹೋಲ್ಡನ್‌ನದೇ ಸ್ವಂತ ವಿ8 ಕೂಡ ಇತ್ತು, 1969ರಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿದ್ದು. ಆ ದೇಶದ ಅತಿ ದೊಡ್ಡ ರೇಸ್ ಆದ ಬಾಥರ್ಸ್ಟ್ 1000 ಅನ್ನು 1993ರಲ್ಲಿ ಲ್ಯಾರಿ ಪರ್ಕಿನ್ಸ್ ಮತ್ತು ಗ್ರೆಗ್ ಹ್ಯಾನ್ಸ್‌ಫರ್ಡ್ ಗೆದ್ದಿದ್ದು ಆ ದೇಸಿ ಎಂಜಿನ್‌ನಲ್ಲೇ, ಉಳಿದ ಹೋಲ್ಡನ್ ತಂಡಗಳು ಷೆವ್ರೊಲೆ ಕಡೆಗೆ ವಾಲುತ್ತಿದ್ದಾಗ. ಆದರೆ ಕ್ರಮೇಣ ಷೆವ್ರೊಲೆಯದೇ ಗಟ್ಟಿಯಾಯಿತು, ದೇಸಿ ಎಂಜಿನ್ ಮರೆಯಾಯಿತು.

ಈ ಐದು ಲೀಟರ್ ನಿಯಮ ಹುಟ್ಟಿದ್ದೇ ಒಂದು ಜಗಳದಿಂದ. 1990ರ ಸುಮಾರಿಗೆ ಅಲ್ಲಿ ಗ್ರೂಪ್ ಎ ಅನ್ನುವ ಅಂತರರಾಷ್ಟ್ರೀಯ ನಿಯಮ ಇತ್ತು. ಅದರಲ್ಲಿ ನಿಸಾನ್ ಸ್ಕೈಲೈನ್ ಜಿಟಿ-ಆರ್ ಬಂತು. 2.6 ಲೀಟರ್, ಎರಡು ಟರ್ಬೊ, ನಾಲ್ಕೂ ಚಕ್ರಕ್ಕೆ ಪವರ್. ಬೇರೆಯವರಿಗೆ ಉಸಿರಾಡಲು ಜಾಗ ಇರಲಿಲ್ಲ. 1991ರಲ್ಲಿ ಜಿಮ್ ರಿಚರ್ಡ್ಸ್ ಚಾಂಪಿಯನ್, 1992ರಲ್ಲಿ ಮಾರ್ಕ್ ಸ್ಕೈಫ್ ಚಾಂಪಿಯನ್, ಎರಡೂ ವರ್ಷದ ಬಾಥರ್ಸ್ಟ್ ಇಬ್ಬರೂ ಸೇರಿ ಗೆದ್ದರು. 1992ರ ಬಾಥರ್ಸ್ಟ್ ಇವತ್ತಿಗೂ ನೆನಪಿಸಿಕೊಂಡರೆ ಬೇಜಾರಾಗುವ ರೇಸ್. ಫಾರ್ಮುಲಾ ಒನ್‌ನ ಮಾಜಿ ವಿಶ್ವ ಚಾಂಪಿಯನ್ ಡೆನ್ನಿ ಹಲ್ಮ್ ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಜೋರು ಮಳೆ ಬಂತು, ಕಾರುಗಳು ಗುದ್ದಿಕೊಂಡವು, ರೇಸ್ ಅರ್ಧಕ್ಕೆ ನಿಂತಿತು, ಗುದ್ದಿ ನಿಂತಿದ್ದ ಸ್ಕೈಲೈನ್‌ಗೇ ಹಿಂದಿನ ಲ್ಯಾಪ್‌ನ ಲೆಕ್ಕದಲ್ಲಿ ಗೆಲುವು ಸಿಕ್ಕಿತು. ಕೆಳಗೆ ನಿಂತಿದ್ದ ಫೋರ್ಡ್, ಹೋಲ್ಡನ್ ಅಭಿಮಾನಿಗಳು ಕೂಗಿ ಗಲಾಟೆ ಮಾಡಿದರು, ವೇದಿಕೆ ಮೇಲಿದ್ದ ರಿಚರ್ಡ್ಸ್ ಆ ಜನರನ್ನು ಮೈಕ್‌ನಲ್ಲೇ ಬೈದರು. ತನ್ನ ಗೆಳೆಯ ಹಲ್ಮ್ ಸತ್ತ ಸುದ್ದಿಯನ್ನು ಸ್ವಲ್ಪ ಮುಂಚೆಯಷ್ಟೇ ಕೇಳಿದ್ದ ಮನುಷ್ಯ ರಿಚರ್ಡ್ಸ್. ನನಗೆ ಅವರ ಸಿಟ್ಟು ನ್ಯಾಯವೇ ಅನ್ನಿಸುತ್ತದೆ.

ಅಷ್ಟರಲ್ಲಾಗಲೇ 1993ರಿಂದ ಹೊಸ ನಿಯಮ ಅಂತ ತೀರ್ಮಾನ ಆಗಿತ್ತು. ಐದು ಲೀಟರ್ ವಿ8, ಟರ್ಬೊ ಇಲ್ಲ, ಹಿಂದಿನ ಚಕ್ರಕ್ಕೆ ಮಾತ್ರ ಪವರ್, 7,500 ಆರ್‌ಪಿಎಂ ಮಿತಿ. ಫೋರ್ಡ್ ಫಾಲ್ಕನ್ ಒಂದು ಕಡೆ, ಹೋಲ್ಡನ್ ಕಮೊಡೋರ್ ಇನ್ನೊಂದು ಕಡೆ. ಅಪ್ಪ ಯಾವ ಕಾರಿಟ್ಟಿದ್ದನೋ ಮಗನೂ ಅದೇ ಕಂಪನಿಯ ಟೋಪಿ ಹಾಕಿಕೊಳ್ಳುವ ದೇಶ ಅದು. ಆ ನಿಷ್ಠೆಗೆ ತಕ್ಕ ಹಾಗೆ ನಿಯಮ ಬರೆದರು. 1997ರಲ್ಲಿ ಇಡೀ ಸರಣಿಯ ಹೆಸರೇ ವಿ8 ಸೂಪರ್‌ಕಾರ್ಸ್ ಆಯಿತು. ಎಂಜಿನ್ ಹೆಸರನ್ನೇ ಸರಣಿಗೆ ಇಟ್ಟುಕೊಂಡ ಮೇಲೆ ಅದನ್ನು ಬದಲಾಯಿಸುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಈಗ ಎಂಜಿನ್ ಒಳಗೆ ನೋಡೋಣ. ಪುಶ್‌ರಾಡ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಕೆಳಗೆ, ಬ್ಲಾಕ್ ಒಳಗೆ, ವಿ ಆಕಾರದ ಸಂದಿಯಲ್ಲಿ ಕೂತಿರುತ್ತದೆ. ಅದು ತಿರುಗಿದಾಗ ಉದ್ದನೆಯ ಕಡ್ಡಿಗಳು ಮೇಲೆದ್ದು ರಾಕರ್‌ಗಳನ್ನು ತಳ್ಳುತ್ತವೆ, ಆಗ ವಾಲ್ವ್ ತೆರೆಯುತ್ತದೆ. ಒಂದು ಸಿಲಿಂಡರ್‌ಗೆ ಎರಡೇ ವಾಲ್ವ್. ಇವತ್ತಿನ ನಮ್ಮ ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳಲ್ಲೂ ಸಾಮಾನ್ಯವಾಗಿ ನಾಲ್ಕು ವಾಲ್ವ್ ಇರುತ್ತವೆ, ಕ್ಯಾಮ್ ಮೇಲೆ ಇರುತ್ತದೆ. ಅಂದರೆ ಕಾಗದದ ಮೇಲೆ ಇದು ಹಳೇ ಕಾಲದ ವಿನ್ಯಾಸ. ಆದರೂ ಅದರಿಂದ ಸುಮಾರು 640 ಎಚ್‌ಪಿ ತೆಗೆದರು. ಹೇಗೆ? ಮೂವತ್ತು ವರ್ಷ ಅದೇ ಎಂಜಿನ್ ಮೇಲೆ ಕೂತು ಕೆಲಸ ಮಾಡಿದ್ದರಿಂದ. ಹೆಡ್‌ನ ಗಾಳಿದಾರಿ, ಕ್ಯಾಮ್ ಅಂಚಿನ ಆಕಾರ, ವಾಲ್ವ್ ಸ್ಪ್ರಿಂಗ್, ಎಕ್ಸಾಸ್ಟ್ ಪೈಪಿನ ಉದ್ದ ಎಲ್ಲವನ್ನೂ ತಿದ್ದಿ ತಿದ್ದಿ, ಒಂದೊಂದೇ ಎಚ್‌ಪಿ ಹುಡುಕಿದರು. 2009ರಿಂದ 85 ಶೇಕಡಾ ಎಥನಾಲ್ ಇರುವ ಇಂಧನಕ್ಕೆ ಬದಲಾದಾಗಲೂ ಎಂಜಿನ್ ಅದೇ ಇತ್ತು, ಸೆಟ್ಟಿಂಗ್ ಬದಲಾಯಿತು ಅಷ್ಟೇ.

ಪುಶ್‌ರಾಡ್‌ಗೆ ಒಂದು ಲಾಭವೂ ಇದೆ, ಅದನ್ನು ಜನ ಮರೆಯುತ್ತಾರೆ. ಮೇಲೆ ನಾಲ್ಕು ಕ್ಯಾಮ್, ಚೈನು, ಗೇರು ಇರುವುದಿಲ್ಲ. ಹಾಗಾಗಿ ಎಂಜಿನ್ ಗಿಡ್ಡ, ತೂಕ ಕೆಳಗೆ ಉಳಿಯುತ್ತದೆ. ತಿರುವಿನಲ್ಲಿ ಕಾರಿಗೆ ಅದು ಒಳ್ಳೆಯದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸದ್ದಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಈ ಎಂಜಿನ್‌ಗಳಂತೆ ಕ್ರಾಸ್‌ಪ್ಲೇನ್ ಕ್ರ್ಯಾಂಕ್ (ಶಿಲುಬೆ ಆಕಾರದ ಕ್ರ್ಯಾಂಕ್) ಇರುವ ವಿ8ನಲ್ಲಿ ಎಡಬಲ ಸಾಲುಗಳು ಸಮವಾಗಿ ಸರದಿಯಲ್ಲಿ ಉರಿಯುವುದಿಲ್ಲ, ಒಂದೇ ಸಾಲಿನಲ್ಲಿ ಎರಡು ಸಿಲಿಂಡರ್ ಬೆನ್ನುಬೆನ್ನಿಗೆ ಉರಿಯುವ ಕ್ಷಣಗಳಿರುತ್ತವೆ. ಆ ಏರುಪೇರೇ ಎದೆಗೆ ಬಡಿಯುವ ಗುಡುಗಾಗಿ ಕೇಳಿಸುತ್ತದೆ. ಬಾಥರ್ಸ್ಟ್ ರೇಸ್ ನಡೆಯುವ ಮೌಂಟ್ ಪನೋರಮಾ ಟ್ರ್ಯಾಕ್ 6.213 ಕಿಲೋಮೀಟರ್, ಕೆಳಗಿನಿಂದ ಮೇಲಕ್ಕೆ 174 ಮೀಟರ್ ಏರಿಳಿತ, 161 ಲ್ಯಾಪ್. ಆ ಬೆಟ್ಟ ಹತ್ತಿ ಇಳಿದು ಕಾನ್‌ರಾಡ್ ಸ್ಟ್ರೇಟ್‌ನಲ್ಲಿ ಗಂಟೆಗೆ 300 ಕಿಲೋಮೀಟರ್ ಹತ್ತಿರ ಹೋಗುವ ಕಾರಿನ ರೆಕಾರ್ಡಿಂಗ್ ಒಂದನ್ನು ಹೆಡ್‌ಫೋನ್ ಹಾಕಿ ಕೇಳಿ ನೋಡಿ. 2003ರಲ್ಲಿ ಗ್ರೆಗ್ ಮರ್ಫಿ 2 ನಿಮಿಷ 6.8594 ಸೆಕೆಂಡಿನಲ್ಲಿ ಸುತ್ತಿದ ಲ್ಯಾಪ್ ಆಗಬಹುದು, 2021ರಲ್ಲಿ ಚಾಝ್ ಮೋಸ್ಟರ್ಟ್ 2 ನಿಮಿಷ 3.373 ಸೆಕೆಂಡಿಗೆ ಇಳಿಸಿದ ಲ್ಯಾಪ್ ಆಗಬಹುದು. ಎರಡರ ನಡುವೆ ಹದಿನೆಂಟು ವರ್ಷ, ಎರಡೂ ಹೋಲ್ಡನ್. ಎಂಜಿನ್ ನಿಯಮವೂ ಅದೇ.

ಹಾಗಾದರೆ ಇದು ಅಷ್ಟು ಕಾಲ ಉಳಿದಿದ್ದು ಅಷ್ಟು ಚೆನ್ನಾಗಿತ್ತು ಅಂತಲಾ? ಒಂದು ಭಾಗ ಹೌದು. ದೊಡ್ಡ ಭಾಗ ಏನೆಂದರೆ, ಇಡೀ ನಿಯಮಪುಸ್ತಕವೇ ಈ ಎಂಜಿನ್‌ನ ಅಳತೆಗೆ ಹೊಲಿಸಿದ ಅಂಗಿಯಾಗಿತ್ತು. ಬೇರೆಯವರು ಬಂದರೂ ಅದೇ ಅಂಗಿ ತೊಡಬೇಕು. 2013ರಲ್ಲಿ ಕಾರ್ ಆಫ್ ದಿ ಫ್ಯೂಚರ್ ಅನ್ನುವ ಹೊಸ ನಿಯಮ ಬಂದು ಬೇರೆ ಕಂಪನಿಗಳಿಗೂ ಬಾಗಿಲು ತೆರೆದಾಗ ಇದು ಎದ್ದು ಕಂಡಿತು. ನಿಸಾನ್ ತನ್ನ 5.6 ಲೀಟರ್ ಎಂಜಿನನ್ನು ಐದಕ್ಕೆ ಇಳಿಸಿ ತಂದಿತು. ಎರೆಬಸ್ ತಂಡ ಮರ್ಸಿಡಿಸ್ ಎಂಜಿನ್ ತಂದಿತು. 2014ರಲ್ಲಿ ವೋಲ್ವೊ ಕೂಡ ಬಂತು. ಮೂರೂ ಆಧುನಿಕ ವಿನ್ಯಾಸ, ಮೇಲೆ ನಾಲ್ಕು ಕ್ಯಾಮ್. ಎಲ್ಲಕ್ಕೂ ಅದೇ ಐದು ಲೀಟರ್, ಅದೇ 7,500 ಆರ್‌ಪಿಎಂ. ನಾಲ್ಕು ವಾಲ್ವ್ ಎಂಜಿನ್‌ನ ನಿಜವಾದ ಶಕ್ತಿ ಇರುವುದೇ ಜಾಸ್ತಿ ಆರ್‌ಪಿಎಂನಲ್ಲಿ. ಅಲ್ಲೇ ಕಟ್ಟಿಹಾಕಿದರೆ ಅದಕ್ಕೆ ಉಳಿದದ್ದು ಭಾರ ಮಾತ್ರ, ಅಲ್ವಾ? ವೋಲ್ವೊದಲ್ಲಿ ಸ್ಕಾಟ್ ಮೆಕ್‌ಲಾಫ್ಲಿನ್ ಚೆನ್ನಾಗಿಯೇ ಓಡಿಸಿದ. ನಿಸಾನ್‌ನ ಮೈಕಲ್ ಕರೂಸೊ 2013ರಲ್ಲೂ 2016ರಲ್ಲೂ ಡಾರ್ವಿನ್‌ನಲ್ಲಿ ಗೆದ್ದ. ಆದರೆ ಚಾಂಪಿಯನ್‌ಶಿಪ್ ಯಾರಿಗೂ ಸಿಗಲಿಲ್ಲ. 2016ಕ್ಕೆ ಎರೆಬಸ್ ಹೋಲ್ಡನ್‌ಗೆ ಬದಲಾಯಿತು, ಆ ವರ್ಷದ ಕೊನೆಗೆ ವೋಲ್ವೊ ಹೋಯಿತು, 2018ರ ಕೊನೆಗೆ ನಿಸಾನ್ ಕಂಪನಿಯೂ ಕೈಬಿಟ್ಟಿತು.

ನಿಯಮ 2017ರಲ್ಲಿ ಇನ್ನೂ ಸಡಿಲ ಆಯಿತು. ಟರ್ಬೊ ಹಾಕಿದ ನಾಲ್ಕು ಸಿಲಿಂಡರ್, ವಿ6 ಕೂಡ ತರಬಹುದು ಅಂದರು. ಹೋಲ್ಡನ್ ಕಡೆಯಿಂದ ಎರಡು ಟರ್ಬೊ ಇರುವ ವಿ6 ತಯಾರಾಯಿತು, ಟ್ರಿಪಲ್ ಏಟ್ ತಂಡ ಅದನ್ನು ಟ್ರ್ಯಾಕ್‌ನಲ್ಲಿ ಓಡಿಸಿ ನೋಡಿತು. ಕಡೆಗೆ ಅದು ಒಂದು ರೇಸನ್ನೂ ಓಡದೆ ಮೂಲೆ ಸೇರಿತು. ಹೊಸದನ್ನು ಹಳೆಯದಕ್ಕೆ ಸರಿಸಮ ಮಾಡಲು ಖರ್ಚು ಮಾಡುವ ಬದಲು ಹಳೆಯದನ್ನೇ ಓಡಿಸುವುದು ಎಲ್ಲರಿಗೂ ಸುಲಭ ಕಂಡಿತು. ಹಳೇ ಎಂಜಿನ್ ಗೆದ್ದಿದ್ದು ಹೀಗೆ ಕೂಡ.

ಆದರೆ ಆ ಹೊತ್ತಿಗೆ ಇನ್ನೊಂದು ಸಮಸ್ಯೆ ಬೆಳೆದು ನಿಂತಿತ್ತು. ಟೂರಿಂಗ್ ಕಾರ್ ರೇಸಿಂಗ್ ಅಂದರೆ ಜನ ಕೊಳ್ಳುವ ಕಾರಿನ ಥರದ್ದನ್ನೇ ಓಡಿಸುವುದು, ಮೂಲ ಆಸೆ ಅದು. ಫೋರ್ಡ್ ಆಸ್ಟ್ರೇಲಿಯಾ 2002ರಲ್ಲಿ ಹೊಸ ಫಾಲ್ಕನ್ ತಂದಾಗ ವಿಂಡ್ಸರ್ ಎಂಜಿನನ್ನು ಶೋರೂಮಿನಿಂದ ತೆಗೆದುಹಾಕಿತು. ರೇಸಿನಲ್ಲಿ ಅದು ಮತ್ತೆ ಇಪ್ಪತ್ತು ವರ್ಷ ಓಡಿತು. 2019ರಲ್ಲಿ ಫಾಲ್ಕನ್ ಜಾಗಕ್ಕೆ ಫೋರ್ಡ್ ಮಸ್ಟಾಂಗ್ ಬಂದಾಗಲೂ, ರಸ್ತೆಯ ಮಸ್ಟಾಂಗ್‌ನಲ್ಲಿ ಫೋರ್ಡ್‌ನ ಹೊಸ ಕಾಯೋಟಿ ಎಂಜಿನ್ ಇದ್ದರೆ ರೇಸ್ ಮಸ್ಟಾಂಗ್‌ನಲ್ಲಿ ಅದೇ ಹಳೇ ವಿಂಡ್ಸರ್ ವಂಶ. ಹೋಲ್ಡನ್ ಕತೆ ಇನ್ನೂ ವಿಚಿತ್ರ. 2017ರ ಅಕ್ಟೋಬರ್ 20ರಂದು ಎಲಿಜಬೆತ್ ಕಾರ್ಖಾನೆ ಮುಚ್ಚಿದ ಮೇಲೆ ಕಮೊಡೋರ್ ಅನ್ನುವ ಹೆಸರನ್ನು ಜರ್ಮನಿಯಿಂದ ತರಿಸಿದ ಓಪೆಲ್ ಕಾರಿಗೆ ಅಂಟಿಸಿದರು. ಅದರಲ್ಲಿ ವಿ8 ಇಲ್ಲವೇ ಇಲ್ಲ, ಪವರ್ ಹೋಗುವುದು ಮುಂದಿನ ಚಕ್ರಕ್ಕೆ ಅಥವಾ ನಾಲ್ಕಕ್ಕೂ. ರೇಸಿನ ಕಮೊಡೋರ್ ಮಾತ್ರ ವಿ8, ಹಿಂದಿನ ಚಕ್ರದ ಕಾರು. ಹೆಡ್‌ಲೈಟಿನ ಆಕಾರ ಬಿಟ್ಟರೆ ಎರಡಕ್ಕೂ ಸಂಬಂಧ ಹುಡುಕುವುದು ಕಷ್ಟ.

ಶೋರೂಮಿನಲ್ಲಿ ಎಂಜಿನ್ ಇಲ್ಲ ಅಂದರೆ ಬಿಡಿಭಾಗವೂ ಸುಲಭಕ್ಕೆ ಸಿಗುವುದಿಲ್ಲ. ಬ್ಲಾಕ್, ಹೆಡ್, ಕ್ರ್ಯಾಂಕ್ ಎಲ್ಲ ರೇಸಿಗೇ ಅಂತ ಮಾಡಿಸಬೇಕು. ಜಾಸ್ತಿ ಒತ್ತಡದಲ್ಲಿ ಓಡುವ ಎಂಜಿನ್ ಆದ್ದರಿಂದ ಕೆಲವು ಸಾವಿರ ಕಿಲೋಮೀಟರಿಗೆ ಬಿಚ್ಚಿ ಮತ್ತೆ ಕಟ್ಟಬೇಕು. ದೊಡ್ಡ ತಂಡಗಳಿಗೆ ಅದು ಸರಿ. ಸಣ್ಣ ತಂಡದವರು ದೊಡ್ಡ ತಂಡದಿಂದ ಎಂಜಿನ್ ಬಾಡಿಗೆಗೆ ತರಬೇಕು, ಇಲ್ಲವೇ ಹಿಂದೆ ಉಳಿಯಬೇಕು. ಆಮೇಲೆ 2020ರ ಫೆಬ್ರವರಿಯಲ್ಲಿ ಜನರಲ್ ಮೋಟಾರ್ಸ್ ಹೋಲ್ಡನ್ ಅನ್ನುವ ಹೆಸರನ್ನೇ ಮುಚ್ಚುವುದಾಗಿ ಹೇಳಿತು. ಕಮೊಡೋರ್ ಜಾಗಕ್ಕೆ ಷೆವ್ರೊಲೆ ಕಮಾರೊ ತರಲೇಬೇಕಾಯಿತು. ಕಾರೇ ಬದಲಾಗುವಾಗ ಎಂಜಿನ್ ಬದಲಾಯಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಇಲ್ಲಿವರೆಗೆ ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ಮುಂದಿನದರಲ್ಲಿ. ಜೆನ್3 ಅನ್ನುವ ಹೊಸ ನಿಯಮ 2023ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ಶುರುವಾಯಿತು. ಆಲೋಚನೆ ಒಳ್ಳೆಯದೇ. ರಸ್ತೆ ಕಾರಿನ ಎಂಜಿನ್‌ಗೆ ಹತ್ತಿರ ಇರುವುದನ್ನು ತನ್ನಿ, ಗಾತ್ರ ದೊಡ್ಡದು ಮಾಡಿ, ಹಿಂಡುವುದನ್ನು ಕಡಿಮೆ ಮಾಡಿ, ಪವರ್ ಸುಮಾರು 600 ಎಚ್‌ಪಿಗೆ ಇಳಿಸಿ, ಹೆಚ್ಚು ದಿನ ಬಾಳಲಿ. ಮಸ್ಟಾಂಗ್‌ಗೆ ಕಾಯೋಟಿ ಮೂಲದ 5.4 ಲೀಟರ್ ಎಂಜಿನ್ ಬಂತು, ಮೇಲೆ ನಾಲ್ಕು ಕ್ಯಾಮ್, ಸಿಲಿಂಡರಿಗೆ ನಾಲ್ಕು ವಾಲ್ವ್. ಕಮಾರೊಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಮನೆತನದ 5.7 ಲೀಟರ್, ಅದು ಪುಶ್‌ರಾಡ್, ಎರಡು ವಾಲ್ವ್. ಫೋರ್ಡ್ ಎಂಜಿನನ್ನು ಹೆರಾಡ್ ಪರ್ಫಾರ್ಮೆನ್ಸ್, ಷೆವ್ರೊಲೆಯದನ್ನು ಕೆಆರ್‌ಇ ಕಟ್ಟಿಕೊಟ್ಟವು. ಮೊದಲಿನಂತೆ ತಂಡಗಳು ತಮ್ಮ ತಮ್ಮ ಶೆಡ್ಡಿನಲ್ಲಿ ಎಂಜಿನ್ ಕಟ್ಟುವುದು ನಿಂತಿತು.

ಅಂದರೆ ಮೂವತ್ತು ವರ್ಷ ಇಬ್ಬರೂ ಒಂದೇ ಬಗೆಯ ಎಂಜಿನ್ ಓಡಿಸಿದ್ದರು, ಈಗ ಎರಡು ಪೂರ್ತಿ ಬೇರೆ ಬಗೆಯವನ್ನು ತಂದು ಸರಿಸಮ ಮಾಡುತ್ತೇವೆ ಅಂತ ಹೊರಟರು. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಇಟ್ಟು ಎರಡರ ಗರಿಷ್ಠ ಎಚ್‌ಪಿ ಹೊಂದಿಸುವುದು ದೊಡ್ಡ ಕೆಲಸವಲ್ಲ. ಆದರೆ ಕಾರು ಗರಿಷ್ಠ ಎಚ್‌ಪಿಯಲ್ಲಿ ಇರುವುದು ಲ್ಯಾಪಿನ ಸ್ವಲ್ಪ ಭಾಗ ಮಾತ್ರ. ತಿರುವಿನಿಂದ ಹೊರಬರುವಾಗ ಡ್ರೈವರ್ ಕಾಲು ಅರ್ಧ ಒತ್ತಿರುತ್ತಾನೆ, ಹಿಂದಿನ ಟೈರು ಜಾರುವ ಅಂಚಿನಲ್ಲಿರುತ್ತದೆ, ಆ ಹೊತ್ತಿನಲ್ಲಿ ಟಾರ್ಕ್ ಎಷ್ಟು ಬೇಗ ಬರುತ್ತದೆ, ಎಷ್ಟು ನಯವಾಗಿ ಬರುತ್ತದೆ, ಗೇರ್ ಬದಲಾದಾಗ ಎಂಜಿನ್ ಎಷ್ಟು ಬೇಗ ಆರ್‌ಪಿಎಂ ಇಳಿಸುತ್ತದೆ ಇವೆಲ್ಲ ಸೇರಿ ಸೆಕೆಂಡಿನ ಹತ್ತನೇ ಭಾಗಗಳಾಗುತ್ತವೆ. ಟೈರು ಸವೆಯುವುದೂ ಇದರ ಮೇಲೇ. ಎರಡು ವಾಲ್ವ್ ಇರುವ ದೊಡ್ಡ ಎಂಜಿನ್ ಮತ್ತು ನಾಲ್ಕು ವಾಲ್ವ್ ಇರುವ ಸಣ್ಣ ಎಂಜಿನ್ ಈ ವಿಷಯದಲ್ಲಿ ಒಂದೇ ಥರ ನಡೆದುಕೊಳ್ಳುವುದಿಲ್ಲ. ಜೊತೆಗೆ ಆಗಲೇ ಹೇಳಿದ ತೂಕದ ಮಾತು. ನಾಲ್ಕು ಕ್ಯಾಮ್ ಇರುವ ಹೆಡ್‌ಗಳ ಭಾರ ಮೇಲಿರುತ್ತದೆ.

ಹಳೇ ಕಾಲದಲ್ಲಿ ಜಗಳ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಮಸ್ಟಾಂಗ್ ಬಂದ ಕೂಡಲೇ ಮೆಕ್‌ಲಾಫ್ಲಿನ್ ಒಂದೇ ಸೀಸನ್‌ನಲ್ಲಿ 18 ರೇಸ್ ಗೆದ್ದ. ಆಗ ಏರೊ (ಗಾಳಿಯನ್ನು ಸೀಳುವ ಮೈಯ ವಿನ್ಯಾಸ) ಮೇಲೆ, ತೂಕ ಎಲ್ಲಿ ಕೂತಿದೆ ಅನ್ನುವುದರ ಮೇಲೆ ದೊಡ್ಡ ವಾದ ನಡೆಯಿತು, ಸೀಸನ್ ನಡುವೆಯೇ ಕಾರಿಗೆ ಬದಲಾವಣೆ ಮಾಡಿಸಿದರು. ಆದರೆ ಗಮನಿಸಿ, ಆ ವಾದದಲ್ಲಿ ಎಂಜಿನ್ ಮುಖ್ಯ ಆರೋಪಿಯಾಗಿರಲಿಲ್ಲ. ಹಾಗಾಗಿ ತಪ್ಪು ಎಲ್ಲಿದೆ ಅಂತ ಹುಡುಕುವ ಜಾಗ ಚಿಕ್ಕದಿತ್ತು. 2023ರಲ್ಲಿ ಚಾಸಿ ಹೊಸದು, ಏರೊ ಹೊಸದು, ಎರಡೂ ಎಂಜಿನ್ ಹೊಸದು. ಮಸ್ಟಾಂಗ್ ಹಿಂದೆ ಬಿದ್ದಾಗ ಯಾವುದರಿಂದ ಅಂತ ಯಾರಿಗೂ ಬೆರಳು ಮಾಡಿ ತೋರಿಸಲಾಗಲಿಲ್ಲ. ಇದೇ ನನಗೆ ಅತಿ ದೊಡ್ಡ ತಪ್ಪು ಅನ್ನಿಸುವುದು.

ಮೊದಲ ರೇಸಿನ ದಾಖಲೆಯಲ್ಲಿ ಮಸ್ಟಾಂಗ್‌ನ ಕ್ಯಾಮ್ ವಾಟರ್ಸ್ ಹೆಸರಿದೆ. ಮೊದಲು ಗೆರೆ ದಾಟಿದ ಶೇನ್ ವಾನ್ ಗಿಸ್ಬರ್ಗನ್ ಡ್ರೈವರ್ ತಂಪುಮಾಡುವ ವ್ಯವಸ್ಥೆಯ ವಿಷಯಕ್ಕೆ ಅನರ್ಹನಾದ, ಅದಕ್ಕೆ. ಆಮೇಲೆ ಕಮಾರೊಗಳದೇ ರಾಜ್ಯಭಾರ. ಬ್ರೋಡಿ ಕೊಸ್ಟೆಕಿ ಚಾಂಪಿಯನ್ ಆದ, ಬಾಥರ್ಸ್ಟ್ ವಾನ್ ಗಿಸ್ಬರ್ಗನ್ ಮತ್ತು ರಿಚಿ ಸ್ಟಾನವೇ ಪಾಲಾಯಿತು, ಎರಡೂ ಕಮಾರೊ. ಸೀಸನ್ ನಡುವೆ ಮಸ್ಟಾಂಗ್‌ಗೆ ಏರೊ ತಿದ್ದಿದರು, ಎಂಜಿನ್ ಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರ್ ಸೆಟ್ಟಿಂಗ್) ತಿದ್ದಿದರು. ಕಡೆಗೆ ಕಾರುಗಳನ್ನು ಅಮೆರಿಕದ ನಾರ್ತ್ ಕ್ಯಾರೊಲೈನಾದ ವಿಂಡ್‌ಶಿಯರ್ ಗಾಳಿ ಸುರಂಗಕ್ಕೆ ಹೊತ್ತೊಯ್ದು ಅಳೆದರು. ಈ ಅಳತೆ ಮೊದಲ ರೇಸಿಗೆ ಮುಂಚೆ ಆಗಬೇಕಿತ್ತು. ದುಡ್ಡು ಉಳಿಸಲು ಅಂತ ಬಿಟ್ಟದ್ದಕ್ಕೆ ಆಮೇಲೆ ದುಡ್ಡೂ ಹೋಯಿತು, ಒಂದು ಸೀಸನ್ ಪೂರ್ತಿ ಅಭಿಮಾನಿಗಳ ನಂಬಿಕೆಯೂ ಹೋಯಿತು. ಫಲಿತಾಂಶ ನೋಡಿದಾಗ ಡ್ರೈವರ್ ಗೆದ್ದನಾ ಎಂಜಿನ್ ಗೆದ್ದಿತಾ ಅನ್ನುವ ಅನುಮಾನ ಒಂದು ಸಲ ಬಂದರೆ ರೇಸಿನಲ್ಲಿ ಸ್ವಾದವೇ ಇರುವುದಿಲ್ಲ. ಕೊಸ್ಟೆಕಿಗೂ ಅದು ಅನ್ಯಾಯ, ಆ ಹುಡುಗ ನಿಜವಾಗಲೂ ಅದ್ಭುತವಾಗಿ ಓಡಿಸಿದ್ದ.

ಹಾಗಂತ ಬದಲಾವಣೆಯೇ ಬೇಡವಾಗಿತ್ತು ಅನ್ನುವವರ ಮಾತನ್ನೂ ನಾನು ಒಪ್ಪಲಾರೆ. ಹಾಗೆಯೇ ಬದಲಾವಣೆ ಎಷ್ಟು ದೊಡ್ಡದಾಗಬೇಕು ಅನ್ನುವುದಕ್ಕೆ ಜರ್ಮನಿಯ ಟೂರಿಂಗ್ ಕಾರ್ ಸರಣಿ ಡಿಟಿಎಂ ನೋಡಿ. ಅಲ್ಲಿ 2000ದಿಂದ 2018ರವರೆಗೆ ನಾಲ್ಕು ಲೀಟರಿನ ವಿ8 ಇತ್ತು. 2019ರಲ್ಲಿ ಅದನ್ನು ತೆಗೆದು ಎರಡು ಲೀಟರಿನ ಟರ್ಬೊ ನಾಲ್ಕು ಸಿಲಿಂಡರ್ ತಂದರು. ಎಚ್‌ಪಿ 600 ದಾಟಿತು, ತಂತ್ರಜ್ಞಾನದ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಮರ್ಸಿಡಿಸ್ ಆಗಲೇ ಹೊರಗೆ ಹೋಗಿತ್ತು, ಆಸ್ಟನ್ ಮಾರ್ಟಿನ್ ಒಂದೇ ವರ್ಷ ಓಡಿತು, 2020ರ ಏಪ್ರಿಲ್‌ನಲ್ಲಿ ಔಡಿ ಹೊರಡುತ್ತೇನೆ ಅಂದಿತು. ಎರಡೇ ಸೀಸನ್ ಓಡಿ ಆ ಎಂಜಿನ್ ಕತೆ ಮುಗಿಯಿತು, 2021ರಿಂದ ಡಿಟಿಎಂ ಜಿಟಿ3 ಕಾರುಗಳಿಗೆ ಬದಲಾಯಿತು. ಬ್ರಿಟನ್ನಿನ ಟೂರಿಂಗ್ ಕಾರ್ ಸರಣಿ ಬಿಟಿಸಿಸಿ 2022ರಲ್ಲಿ ಹೈಬ್ರಿಡ್ ತಂದು 2024ರ ಕೊನೆಗೆ ಬಿಟ್ಟಿತು. ಇವಕ್ಕೆ ಹೋಲಿಸಿದರೆ ಆಸ್ಟ್ರೇಲಿಯಾದವರು ವಿ8ನ್ನೇ ಉಳಿಸಿಕೊಂಡಿದ್ದು ಜಾಣತನ. ಆ ಸದ್ದಿಗೆ ಬರುವ ಜನರನ್ನು ಅವರು ಕಳೆದುಕೊಳ್ಳಲಿಲ್ಲ.

ತಿದ್ದುತ್ತಾ ತಿದ್ದುತ್ತಾ ಸಮತೋಲನ ಬಂತು. 2024ರಲ್ಲಿ ವಿಲ್ ಬ್ರೌನ್ ಕಮಾರೊದಲ್ಲಿ ಚಾಂಪಿಯನ್, 2025ರಲ್ಲಿ ಮೋಸ್ಟರ್ಟ್ ಮಸ್ಟಾಂಗ್‌ನಲ್ಲಿ ಚಾಂಪಿಯನ್. 2025ರ ಬಾಥರ್ಸ್ಟ್ ಕೂಡ ಮಸ್ಟಾಂಗ್‌ನದು. ಹಳೇ ಎಂಜಿನ್‌ಗೆ ಸಿಕ್ಕ ಸಮತೋಲನಕ್ಕೆ ದಶಕಗಳು ಬೇಕಾಗಿದ್ದವು ಅನ್ನುವುದನ್ನು ನೆನೆದರೆ ಮೂರು ವರ್ಷ ಜಾಸ್ತಿಯಲ್ಲ, ಒಪ್ಪುತ್ತೇನೆ.

ಆದರೆ ಪರೀಕ್ಷೆ ಮತ್ತೆ ಶುರು. 2026ರ ಸೀಸನ್‌ಗೆ ಟೊಯೋಟಾ ತನ್ನ ಸುಪ್ರಾ ಕಾರು ತರುವ ತೀರ್ಮಾನ ಮಾಡಿತು. ರಸ್ತೆಯ ಸುಪ್ರಾದಲ್ಲಿ ಇರುವುದು ಆರು ಅಥವಾ ನಾಲ್ಕು ಸಿಲಿಂಡರ್, ರೇಸಿಗೆ ಮಾತ್ರ ಲೆಕ್ಸಸ್ ಕಾರುಗಳಲ್ಲಿ ಇರುವ ವಿ8ನ ವಂಶದ್ದು. ರಸ್ತೆ ಕಾರಿಗೆ ಹತ್ತಿರ ಇರಬೇಕು ಅಂತ ಹಳೆಯದನ್ನು ಕಳಿಸಿದವರು ಮತ್ತೆ ಅದೇ ಅಂತರಕ್ಕೆ ಒಪ್ಪಿದ್ದಾರೆ. 2026ರಿಂದ ಮೋಸ್ಟರ್ಟ್‌ನ ವಾಕಿನ್‌ಶಾ ತಂಡ ಟೊಯೋಟಾಗೆ, ಇಷ್ಟು ವರ್ಷ ಹೋಲ್ಡನ್, ಷೆವ್ರೊಲೆಗೆ ಬೆನ್ನೆಲುಬಾಗಿದ್ದ ಟ್ರಿಪಲ್ ಏಟ್ ಫೋರ್ಡ್‌ಗೆ. ಮೂರು ಕಂಪನಿ, ಮೂರು ಬೇರೆ ಎಂಜಿನ್. ಒಂದು ಪುಶ್‌ರಾಡ್, ಎರಡು ನಾಲ್ಕು ಕ್ಯಾಮಿನವು. ಫೋರ್ಡನ್ನೂ ಷೆವ್ರೊಲೆಯನ್ನೂ ನಾವು ಬೆಂಗಳೂರಿನ ರಸ್ತೆಯಲ್ಲಿ ಈಗ ಹಳೇ ಕಾರುಗಳಾಗಿ ಮಾತ್ರ ನೋಡುತ್ತೇವೆ, ಬಿಡದಿಯ ಟೊಯೋಟಾ ಮಾತ್ರ ನಮಗೆ ಮನೆಮಾತು. ಆ ಹೆಸರು ಮೌಂಟ್ ಪನೋರಮಾದಲ್ಲಿ ವಿ8 ಹಾಕಿಕೊಂಡು ಓಡುವುದನ್ನು ನೋಡಲು ನನಗೂ ಆಸೆಯಿದೆ. ಅದಕ್ಕೇ ಈ ಸಲ ನಾನು ನೋಡುವುದು ಯಾರು ಮೊದಲು ಗೆರೆ ದಾಟಿದರು ಅನ್ನುವುದನ್ನಲ್ಲ. ಅರ್ಧ ಥ್ರಾಟಲ್‌ನಲ್ಲಿ ಮೂರೂ ಎಂಜಿನ್ ಹೇಗಿವೆ, ಅದನ್ನು ಯಾರು, ಎಲ್ಲಿ, ಯಾವಾಗ ಅಳೆದರು, ಆ ಅಂಕಿಗಳನ್ನು ತಂಡಗಳ ಮುಂದೆ ಇಟ್ಟರಾ ಅನ್ನುವುದನ್ನು ನೋಡುತ್ತೇನೆ. 2023ರಲ್ಲಿ ಕೇಳಬೇಕಿದ್ದ ಪ್ರಶ್ನೆ ಇದೇ.